ಕಿಕ್ಕರ್ ಇಲ್ಲದ ಬೈಕು, ಸೆಲ್ಫ್ ಒತ್ತಿದರೆ ಒಂದೇ ‘ಟಕ್’, ಬ್ಯಾಟರಿ 12.6 ವೋಲ್ಟ್ ತೋರಿಸುತ್ತೆ. ಬದಲಿಸಬೇಕಾದ್ದು ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರೋ, ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇನೋ?

ಸದ್ಯಕ್ಕೆ ಎರಡೂ ಬೇಡ. ಆ ಟಕ್ ಸದ್ದನ್ನು ನಾನು ಮೂರು ವಾರ ಕೇಳಿದ್ದೇನೆ. ಕೊನೆಕೊನೆಗೆ ನಿದ್ದೆಯಲ್ಲೂ ಕೇಳಿಸುತ್ತಿತ್ತು.

ನನ್ನದೂ ಕಿಕ್ಕರ್ ಇಲ್ಲದ ಬೈಕ್. ಲೈಟ್ ಉರಿಯುತ್ತಿತ್ತು, ಹಾರ್ನ್ ಜೋರಾಗೇ ಹೊಡೆಯುತ್ತಿತ್ತು. ಸೆಲ್ಫ್ ಒತ್ತಿದರೆ ಮಾತ್ರ ಸೀಟಿನ ಕೆಳಗೆ ಒಂದು ಟಕ್, ಅಷ್ಟೇ. ಎರಡನೇ ಗೇರಿಗೆ ಹಾಕಿ ತಳ್ಳಿ ಕ್ಲಚ್ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಅಂದರೆ ಪ್ಲಗ್, ಪೆಟ್ರೋಲ್ ಎಲ್ಲ ಸರಿ ಇದೆ, ಎಂಜಿನ್ ತಿರುಗಿಸುವ ಕಡೆಯೇ ಏನೋ ಎಡವಟ್ಟು. ಇಲ್ಲಿಯವರೆಗೆ ನನ್ನ ಲೆಕ್ಕ ಸರಿಯಾಗೇ ಇತ್ತು.

ಮೊದಲ ದಿನ ಮಲ್ಟಿಮೀಟರ್, ನೋಟ್‌ಬುಕ್ ಇಟ್ಟುಕೊಂಡು ಕೂತೆ. ಕಂಡಕಂಡದ್ದನ್ನು ಬಿಚ್ಚುವ ಜಾತಿಯವನಲ್ಲ ನಾನು ಅನ್ನೋ ಜಂಬ ಬೇರೆ. ಬ್ಯಾಟರಿ 12.6 ವೋಲ್ಟ್, ಟಿಕ್. ಫ್ಯೂಸ್, ಟಿಕ್. ಮೀಟರನ್ನು ಬೀಪ್‌ಗೆ (ಕರೆಂಟ್ ಹರಿಯುವ ದಾರಿ ಕೂಡಿದ್ದರೆ ಸದ್ದು ಮಾಡುತ್ತೆ) ತಿರುಗಿಸಿ ದಪ್ಪ ವೈರುಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಬ್ಯಾಟರಿಯಿಂದ ರಿಲೇಗೆ ಬೀಪ್. ರಿಲೇಯಿಂದ ಮೋಟರಿಗೆ ಬೀಪ್. ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ನಿಗೆ ಬೀಪ್. ಮೂರಕ್ಕೂ ಟಿಕ್ ಹಾಕಿದೆ. ಆ ಮೂರನೇ ಟಿಕ್ಕೇ ನನ್ನನ್ನು ಮುಳುಗಿಸಿತು.

ವೈರಿಂಗ್ ಸರಿ ಇದೆ ಅಂತ ಒಮ್ಮೆ ಬರೆದುಕೊಂಡ ಮೇಲೆ ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಬ್ಯಾಟರಿ ಬದಲಿಸಿದೆ. ಹೊಸ ಬ್ಯಾಟರಿಯ ಜೋರಿಗೆ ಎರಡು ದಿನ ಸ್ಟಾರ್ಟ್ ಆಯಿತು, ಮೂರನೇ ದಿನ ಟಕ್. ರಿಲೇ ಬದಲಿಸಿದೆ. ಟಕ್, ಹೊಸ ಸ್ವರದಲ್ಲಿ. ಮೋಟರ್ ಇಳಿಸಿ, ಬಿಚ್ಚಿ, ಕಾರ್ಬನ್ ಬ್ರಶ್ ನೋಡಿದೆ. ಇನ್ನೂ ಸಾಕಷ್ಟು ಉದ್ದ ಇದ್ದವು. ನೇರ ಬ್ಯಾಟರಿಗೆ ಕೊಟ್ಟರೆ ಗಿರ್ರನೆ ತಿರುಗಿತು. ಬೈಕಿಗೆ ಹಾಕಿದರೆ ಟಕ್. ಹೊರಗೆ ತಿರುಗುವ ಮೋಟರು ಒಳಗೆ ಯಾಕೆ ತಿರುಗಲ್ಲ ಅಂತ ಒಂದು ನಿಮಿಷ ಯೋಚಿಸಿದ್ದರೂ ಅಲ್ಲೇ ಸಿಕ್ಕಿಬೀಳುತ್ತಿತ್ತು. ನಾನು ಹೊಸ ಮೋಟರ್ ತರಿಸಿದೆ. ಅದನ್ನು ಕೂರಿಸುವಾಗ ರಬ್ಬರ್ ರಿಂಗ್ ಹರಿದು ಆಯಿಲ್ ಸೋರಲು ಶುರುವಾಯಿತು. ಈಗ ನನ್ನ ಹತ್ತಿರ ಎರಡು ತೊಂದರೆ.

ಪರಿಹಾರ ಸಿಕ್ಕಿದ್ದು ಕೈ ಸುಟ್ಟುಕೊಂಡು. ನಿಜವಾಗಿ ಸುಟ್ಟುಕೊಂಡೆ. ಸಿಟ್ಟಿನಲ್ಲಿ ನಾಲ್ಕೈದು ಸಲ ಸೆಲ್ಫ್ ಒತ್ತಿ, ಆಯಿಲ್ ಎಲ್ಲಿ ಸೋರುತ್ತಿದೆ ನೋಡೋಣ ಅಂತ ಅಡ್ಡ ಬಂದ ಕಪ್ಪು ವೈರನ್ನು ಪಕ್ಕಕ್ಕೆ ಸರಿಸಲು ಹೋದೆ. ಎಂಜಿನ್ ತಣ್ಣಗಿತ್ತು. ಆ ವೈರಿನ ತುದಿಯ ಉಂಗುರ ಮಾತ್ರ ಕಾದ ಕಾವಲಿಯ ಹಾಗೆ ಚುರ್ರ್ ಅಂದಿತು.

ಬೋಲ್ಟ್ ಬಿಚ್ಚಿದರೆ ಉಂಗುರದ ಕೆಳಗೆ ಕಪ್ಪು ಬಣ್ಣ. ಕೆಲವು ತಿಂಗಳ ಹಿಂದೆ ಎಂಜಿನ್ ಕೇಸಿಗೆ ನಾನೇ ಪ್ರೀತಿಯಿಂದ ಹೊಡೆದ ಬಣ್ಣ. ಅರ್ಥಿಂಗ್ ವೈರನ್ನು, ಅಂದರೆ ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ನಿಗೆ ಬರುವ ಆ ಕಪ್ಪು ವೈರನ್ನು, ಅದರ ಮೇಲೇ ಕೂರಿಸಿ ಬಿಗಿ ಮಾಡಿದ್ದೆ. ಬಣ್ಣದ ಮೂಲಕ ಕರೆಂಟ್ ಹೋಗಲ್ಲ. ಅಲ್ಲಿಯವರೆಗೆ ಬೈಕ್ ಓಡಿದ್ದು ಬೋಲ್ಟಿನ ಮರೆಗಳ (ತಿರುಪಿನ ಸುತ್ತುಗೆರೆಗಳ) ಮೂಲಕ ಹಾದ ಕರೆಂಟಿನಿಂದ. ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಕೇಸು, ನಡುವೆ ನೀರಿನ ಪಸೆ. ಮರೆಗಳ ತುಂಬ ಬಿಳಿ ಪುಡಿ ಕಟ್ಟಿತ್ತು.

ಹಾಗಾದರೆ ಮೀಟರ್ ಬೀಪ್ ಅಂದದ್ದು ಸುಳ್ಳಾ? ಅಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪು. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರಾಗಬೇಡಿ. ಬೀಪ್ ಮಾಡುವಾಗ ಮೀಟರ್ ಆ ವೈರಿನಲ್ಲಿ ಕಳಿಸುವುದು ಹೆಚ್ಚುಕಡಿಮೆ ಒಂದು ಮಿಲಿಆಂಪ್. ಕೂದಲಿನಷ್ಟು ದಾರಿ ಇದ್ದರೂ ಅದು ದಾಟುತ್ತದೆ. ಸ್ಟಾರ್ಟರ್ ಮೋಟರ್ ಕೇಳುವುದು ಹತ್ತಾರು ಆಂಪ್. ಕಾಲುದಾರಿಯಲ್ಲಿ ಒಬ್ಬ ನಡೆದುಹೋದ ಅಂದರೆ ಲಾರಿಯೂ ಹೋಗುತ್ತೆ ಅಂತ ಅರ್ಥ ಅಲ್ಲ, ಅಲ್ವಾ? 60 ಆಂಪ್ ಅಂತ ಇಟ್ಟುಕೊಳ್ಳಿ. ಆ ಬೋಲ್ಟಿನ ಹತ್ತಿರ ಬರೀ 0.08 ಓಮ್ ತಡೆ ಇದ್ದರೂ 4.8 ವೋಲ್ಟ್ ಅಲ್ಲೇ ಖರ್ಚಾಗುತ್ತದೆ. ಅದು 288 ವಾಟ್ ಬಿಸಿ. ಉಂಗುರ ಸುಡದೆ ಇನ್ನೇನಾಗುತ್ತೆ? ಓಮ್‌ನಲ್ಲಿಟ್ಟು ಅಳೆದಿದ್ದರೂ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಸಾಮಾನ್ಯ ಮೀಟರಿನ ಎರಡು ವೈರುಗಳದ್ದೇ ತಡೆ ಅದಕ್ಕಿಂತ ಜಾಸ್ತಿ ಇರುತ್ತದೆ.

ಹಾಗಾಗಿ ನಿಮ್ಮ 12.6ಕ್ಕೂ ನನ್ನ ಬೀಪ್‌ಗೂ ಬೆಲೆ ಒಂದೇ. ಸುಮ್ನೆ ನಿಂತ ಬೈಕಿನಲ್ಲಿ ಅಳೆದದ್ದು ಅದು. ಯಾವ ಪಾರ್ಟ್ ತರಲಿ ಅಂತ ಕೇಳುವ ಮೊದಲು, ಸೆಲ್ಫ್ ಒತ್ತಿಕೊಂಡೇ ಅಳೆಯಿರಿ. ನ್ಯೂಟ್ರಲ್‌ಗೆ ಹಾಕಿ, ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಆಂಪ್‌ನಲ್ಲಿ ಬೇಡ, ಮೀಟರಿನ ಫ್ಯೂಸ್ ಹೋಗುತ್ತೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಅದಕ್ಕೆ ಹಾಕಿದ ಬೋಲ್ಟಿನ ಮೇಲಲ್ಲ. ಇನ್ನೊಂದು ಎಂಜಿನ್ನಿನ ಬಣ್ಣ ಇಲ್ಲದ ಲೋಹದ ಮೇಲೆ. ಮೂರು ಸೆಕೆಂಡ್ ಸೆಲ್ಫ್ ಒತ್ತಿ. 0.2 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅರ್ಥಿಂಗ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಅಲ್ಲೇ ಇದ್ದಾನೆ. ನನ್ನದು 4.8 ಇತ್ತು. ಇದೇ ಆಟ ಪಾಸಿಟಿವ್ ಕಡೆಯೂ ಆಡಿ. ಬ್ಯಾಟರಿ ಪಾಸಿಟಿವ್‌ನಿಂದ ಮೋಟರಿನ ಬೋಲ್ಟಿಗೆ. ಒತ್ತುವ ಮೊದಲು ಅಲ್ಲಿ 12 ಕಾಣಿಸುತ್ತೆ, ಗಾಬರಿ ಬೇಡ, ಒತ್ತಿದಾಗ ಎಷ್ಟು ಉಳಿಯುತ್ತೆ ಅನ್ನೋದೇ ಲೆಕ್ಕ. ಅಲ್ಲಿ ಜಾಸ್ತಿ ಉಳಿದರೆ ಆಗ ರಿಲೇ ಮೇಲೆ ಅನುಮಾನ ಪಡಿ.

ಇನ್ನೊಂದು ವಿಷಯ, ಇದು ನನಗೆ ಆಮೇಲೆ ಹೊಳೆದದ್ದು. ಹಾಳಾಗಿದ್ದಾಗ ಸೆಲ್ಫ್ ಒತ್ತಿದರೂ ಬ್ಯಾಟರಿ 11.6ರಲ್ಲಿ ನಿಲ್ಲುತ್ತಿತ್ತು. ಅಬ್ಬಾ, ಎಂಥ ಗಟ್ಟಿ ಬ್ಯಾಟರಿ ಅಂದುಕೊಂಡಿದ್ದೆ. ಬಣ್ಣ ಕೆರೆದು, ಮರೆ ಶುಚಿ ಮಾಡಿ ಬಿಗಿ ಮಾಡಿದ ಮೇಲೆ ಅದೇ ಬ್ಯಾಟರಿ 10.6ಕ್ಕೆ ಇಳಿಯಿತು, ಎಂಜಿನ್ ಎದ್ದು ಕೂತಿತು. ಮೋಟರಿಗೆ ಕರೆಂಟ್ ನಿಜವಾಗಿ ಹೋದರೆ ಬ್ಯಾಟರಿ ಇನ್ನಷ್ಟು ಇಳಿಯುವುದು ಸಹಜ. ಒತ್ತಿದಾಗ ನಿಮ್ಮದು 9.5ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಬ್ಯಾಟರಿಯ ಕಡೆ ಹೋಗಿ. ಆಗ ಸಾಮಾನ್ಯವಾಗಿ ಒಂದು ಟಕ್ ಅಲ್ಲ, ಟಕಟಕಟಕ ಅಂತ ಬರುತ್ತೆ. ಸದ್ದೇ ಇಲ್ಲದಿದ್ದರೆ ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್ ನೋಡಬೇಕು. ಅದು ನಿಮ್ಮ ತೊಂದರೆ ಅಲ್ಲ, ಬಿಡಿ.

ರಿಲೇ ಮೇಲೆ ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಿ ನೋಡಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬೇಡ. ಬ್ಯಾಟರಿ ಪಕ್ಕದಲ್ಲೇ ಕಿಡಿ ಹಾರುತ್ತೆ, ಸೈಡ್ ಸ್ಟ್ಯಾಂಡ್, ಕ್ಲಚ್ ಸ್ವಿಚ್ಚಿನ ಕಾವಲೂ ತಪ್ಪುತ್ತೆ. ಗೇರಿನಲ್ಲಿದ್ದರೆ ಬೈಕ್ ನಿಮ್ಮ ಮೇಲೇ ಹಾರುತ್ತೆ. ಮೀಟರ್ ಇಲ್ಲದಿದ್ದರೆ ದಪ್ಪನೆಯ ಜಂಪರ್ ವೈರನ್ನು ಬ್ಯಾಟರಿ ನೆಗೆಟಿವ್‌ಗೂ ಎಂಜಿನ್ ಲೋಹಕ್ಕೂ ಕಚ್ಚಿಸಿ ಸೆಲ್ಫ್ ಒತ್ತಿ. ತಿರುಗಿದರೆ ಉತ್ತರ ಸಿಕ್ಕಿತು.

ಕೆರೆಯುವಾಗ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಉಂಗುರದ ಎರಡೂ ಮುಖ, ಅದು ಕೂರುವ ಜಾಗ, ಬೋಲ್ಟು, ಎಲ್ಲ ಹೊಳೆಯೋವರೆಗೆ ಸ್ಯಾಂಡ್‌ಪೇಪರ್ ಹಾಕಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಸ್ವಲ್ಪ ಗ್ರೀಸ್. ಆ ಉಂಗುರದ ಹತ್ತಿರ ವೈರನ್ನು ಬಗ್ಗಿಸಿಯೂ ನೋಡಿ, ಒಳಗೆ ಎಳೆಗಳು ಪುಡಿಯಾಗಿದ್ದರೆ ಹೊರಗಿನಿಂದ ಕಾಣಲ್ಲ.

ನಾನು ಕೆಟ್ಟಿದೆ ಅಂತ ತೆಗೆದ ಹಳೇ ಬ್ಯಾಟರಿಯನ್ನು ಗೆಳೆಯ ಒಯ್ದ. ಅವನ ಬೈಕಿನಲ್ಲಿ ಅದು ಇನ್ನೂ ಎರಡು ವರ್ಷ ನಡೆಯಿತು.