ಕಪ್ಪುದ್ರವ್ಯ ಸಿಕ್ಕಿಲ್ಲ, ಹಾಗಾದರೆ ಅದರ ಮೇಲಿನ ಸಂಶೋಧನೆಗೆ ಬೆಲೆ ಕಟ್ಟುವುದು ಹೇಗೆ?

ನಿಮ್ಮ ಮಗಳು ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಬೇಕೆಂದಿದ್ದಾಳೆ. ಕಪ್ಪುದ್ರವ್ಯ (ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದ, ಗುರುತ್ವದಿಂದ ಮಾತ್ರ ಗೊತ್ತಾಗುವ ದ್ರವ್ಯ) ಇನ್ನೂ ಯಾರ ಕೈಗೂ ಸಿಕ್ಕಿಲ್ಲದಿರುವಾಗ, ದಶಕಗಳಿಂದ ಅದರ ಮೇಲೆಯೇ ಬರೆಯುತ್ತ ಬಂದ ಸೈದ್ಧಾಂತಿಕ ಭೌತವಿಜ್ಞಾನಿಯ ಲೇಖನಪಟ್ಟಿಯನ್ನು ಸಾಧನೆ ಎನ್ನಬಹುದೇ ಎಂದು ಡೊಂಬಿವಿಲಿಯಿಂದ ಕೇಳಿದ್ದೀರಿ. ಮುಂಬಯಿಯ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಸಿಕ್ಕಿಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. 1933ರಲ್ಲಿ ಫ್ರಿಟ್ಜ್ ಜ್ವಿಕಿ ಕೋಮಾ ಗೆಲಾಕ್ಸಿ ಗೊಂಚಲಿನಲ್ಲಿ, 1970ರ ದಶಕದಲ್ಲಿ ವೆರಾ ರೂಬಿನ್ ಸುರುಳಿ ಗೆಲಾಕ್ಸಿಗಳ ತಿರುಗುವಿಕೆಯಲ್ಲಿ ಕಂಡದ್ದು ಒಂದೇ: ಕಣ್ಣಿಗೆ ಕಾಣುವ ದ್ರವ್ಯದ ಗುರುತ್ವ ಅಲ್ಲಿನ ವೇಗಗಳಿಗೆ ಸಾಲದು. ಪ್ಲಾಂಕ್ ಉಪಗ್ರಹದ ಅಳತೆಗಳ ಪ್ರಕಾರ ವಿಶ್ವದ ಒಟ್ಟು ಶಕ್ತಿಯಲ್ಲಿ ಸಾಮಾನ್ಯ ದ್ರವ್ಯ ಸುಮಾರು ಶೇ. 5, ಕಪ್ಪುದ್ರವ್ಯ ಸುಮಾರು ಶೇ. 26. ತಿಳಿಯದಿರುವುದು ಅದು ಯಾವ ಕಣ ಎಂಬುದು. ಸೈದ್ಧಾಂತಿಕರ ಕೆಲಸವಿರುವುದು ಅಲ್ಲಿಯೇ.

ಈ ಕೆಲಸವನ್ನು ಹೇಗೆ ಅಳೆಯಬೇಕೆಂಬುದಕ್ಕೆ ರಮಾನಾಥ ಕೌಶಿಕ್ ಅವರ ಉದಾಹರಣೆ ನನಗೆ ಬಹಳ ಇಷ್ಟ. ಟಾಟಾ ಸಂಸ್ಥೆಯಲ್ಲಿ ವಿಶ್ವಕಿರಣಗಳ ಅಧ್ಯಯನದಿಂದ ಆರಂಭಿಸಿ, ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾದ ಅವರು, 1972ರಲ್ಲಿ ಬರ್ಕ್ಲಿಯಲ್ಲಿದ್ದಾಗ ಮೆಕ್‌ಕ್ಲೆಲಂಡ್ ಅವರೊಡನೆ ಚಿಕ್ಕದೊಂದು ಲೇಖನ ಪ್ರಕಟಿಸಿದರು. ಮಹಾಸ್ಫೋಟದಿಂದ ಉಳಿದ ನ್ಯೂಟ್ರಿನೊಗಳು (ವಿದ್ಯುದಂಶವಿಲ್ಲದ, ಬೇರೆ ದ್ರವ್ಯದೊಡನೆ ತೀರ ಅಪರೂಪಕ್ಕೆ ವರ್ತಿಸುವ ಕಣಗಳು) ವಿಶ್ವದಲ್ಲೆಲ್ಲ ತುಂಬಿರಬೇಕು. ಅವು ಭಾರವಾಗಿದ್ದರೆ ಅವುಗಳ ಗುರುತ್ವವೇ ವಿಶ್ವದ ಹಿಗ್ಗುವಿಕೆಯನ್ನು ಬದಲಿಸಿಬಿಡುತ್ತಿತ್ತು. ಆದ್ದರಿಂದ ನ್ಯೂಟ್ರಿನೊದ ದ್ರವ್ಯರಾಶಿ (ಕಣಗಳಿಗೆ ಅದನ್ನು ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ) 8 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕಡಿಮೆಯಿರಲೇಬೇಕು ಎಂಬುದು ಅದರ ವಾದ. ಆಗಿನ ಪ್ರಯೋಗಶಾಲೆಗಳ ಮಿತಿ ಇದಕ್ಕಿಂತ ಬಹಳ ಸಡಿಲವಾಗಿತ್ತು. (ಸೋವಿಯತ್ ಒಕ್ಕೂಟದ ಗೆರ್ಶ್ಟೈನ್ ಮತ್ತು ಜೆಲ್ಡೊವಿಚ್ 1966ರಲ್ಲಿಯೇ ಇಂಥದೊಂದು ಮಿತಿಯನ್ನು ಕೊಟ್ಟಿದ್ದರೆಂಬುದನ್ನೂ ಹೇಳಬೇಕು.) ಮರುವರ್ಷ ಅದೇ ಇಬ್ಬರು ಇನ್ನೊಂದು ಹೆಜ್ಜೆ ಮುಂದಿಟ್ಟರು: ನ್ಯೂಟ್ರಿನೊಗೆ ಕೆಲವೇ ಎಲೆಕ್ಟ್ರಾನ್ ವೋಲ್ಟ್‌ಗಳಷ್ಟು ದ್ರವ್ಯರಾಶಿ ಇದ್ದರೂ ಜ್ವಿಕಿ ಕಂಡ ಕೊರತೆಯನ್ನು ಅವೇ ತುಂಬಬಲ್ಲವು.

ಈ ಊಹೆ ನಿಲ್ಲಲಿಲ್ಲ. ಹಗುರ ನ್ಯೂಟ್ರಿನೊಗಳನ್ನು ಸಣ್ಣ ಗೆಲಾಕ್ಸಿಗಳಲ್ಲಿ ಬೇಕಾದಷ್ಟು ದಟ್ಟವಾಗಿ ತುಂಬಲಾಗದೆಂದು 1979ರಲ್ಲಿ ಟ್ರೆಮೇನ್ ಮತ್ತು ಗನ್ ತೋರಿಸಿದರು. ಅಂಥ ವಿಶ್ವದಲ್ಲಿ ಗೆಲಾಕ್ಸಿಗಳು ನಾವು ಕಾಣುವಂತೆ ರೂಪುಗೊಳ್ಳುವುದಿಲ್ಲವೆಂದು 1980ರ ದಶಕದ ಕಂಪ್ಯೂಟರ್ ಲೆಕ್ಕಗಳು ಹೇಳಿದವು. ನ್ಯೂಟ್ರಿನೊಗೆ ದ್ರವ್ಯರಾಶಿ ಇದೆಯೆಂದು 1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆ ಪ್ರಯೋಗದಿಂದ ತಿಳಿದರೂ ಕಪ್ಪುದ್ರವ್ಯವಾಗಲು ಅದು ಸಾಲದು. ಆದರೆ ಆದಿವಿಶ್ವದಲ್ಲಿ ಉಳಿದ ಕಣಗಳನ್ನು ಎಣಿಸಿ, ಆಕಾಶವನ್ನೇ ತಕ್ಕಡಿಯಾಗಿಸಿ ಅವುಗಳನ್ನು ತೂಗುವ ವಿಧಾನ ಉಳಿಯಿತು. 1977ರಲ್ಲಿ ಲೀ ಮತ್ತು ವೈನ್‌ಬರ್ಗ್ ಭಾರವಾದ ಕಣಗಳಿಗೆ ಮಾಡಿದ ಲೆಕ್ಕವೂ ಈ ಜಾಡಿನದೇ. ಸೂಚಿಸಿದ ಕಣ ಬಿದ್ದುಹೋಗಿ ವಾದ ಬದುಕಿದ್ದರೆ ಅದನ್ನು ನಾನು ದೊಡ್ಡ ಸಾಧನೆಯೆಂದೇ ಎಣಿಸುತ್ತೇನೆ.

ಪಟ್ಟಿಯನ್ನು ನೋಡುವಾಗ ಲೇಖನಗಳ ಸಂಖ್ಯೆಗೆ ಮರುಳಾಗಬೇಡಿ. ಕಣಭೌತವಿಜ್ಞಾನದ ಸಿದ್ಧಾಂತ ಲೇಖನಗಳಲ್ಲಿ ಹೆಸರುಗಳು ಸಾಮಾನ್ಯವಾಗಿ ಅಕಾರಾದಿಯಾಗಿರುತ್ತವೆ. ಮೊದಲ ಹೆಸರಿಗೆ ವಿಶೇಷ ಅರ್ಥವಿಲ್ಲ. ಇತರರು ಅವನ್ನು ಎಷ್ಟು ಬಾರಿ ಉಲ್ಲೇಖಿಸಿದ್ದಾರೆಂಬ ಸಂಖ್ಯೆಯೂ ದಾರಿ ತಪ್ಪಿಸಬಲ್ಲದು. 2015ರ ಡಿಸೆಂಬರಿನಲ್ಲಿ ಜಿನೀವಾ ಬಳಿಯ ಕಣಭೌತ ಪ್ರಯೋಗಶಾಲೆ ಸರ್ನ್‌ನ ದತ್ತಾಂಶದಲ್ಲಿ 750 ಗಿಗಾ ಎಲೆಕ್ಟ್ರಾನ್ ವೋಲ್ಟ್ ಬಳಿ ಹೊಸ ಕಣದ ಸುಳಿವೆನಿಸುವ ಸಣ್ಣ ಉಬ್ಬೊಂದು ಕಂಡಾಗ ಕೆಲವೇ ತಿಂಗಳಲ್ಲಿ ನೂರಾರು ವಿವರಣೆಗಳು ಪ್ರಕಟವಾದವು. 2016ರ ಆಗಸ್ಟಿನಲ್ಲಿ, ಹೆಚ್ಚಿನ ದತ್ತಾಂಶ ಬಂದಾಗ, ಉಬ್ಬೇ ಇರಲಿಲ್ಲ. ಆ ಗದ್ದಲದಲ್ಲಿ ಬರೆದವರೆಲ್ಲ ಅಸಮರ್ಥರೆಂದು ಇದರ ಅರ್ಥವಲ್ಲ, ಆದರೆ ಪಟ್ಟಿಯ ತುಂಬ ಅಂಥ ಲೇಖನಗಳೇ ಇದ್ದರೆ ನಾನು ಹಿಂಜರಿಯುತ್ತೇನೆ.

ಸಂಸ್ಥೆಗೆ ಸೇರಿದ ಮೇಲೆ ಮೊದಲು ಕೋರ್ಸುಗಳಿರುತ್ತವೆ, ಆದ್ದರಿಂದ ಮಾರ್ಗದರ್ಶಕರನ್ನು ಈಗಲೇ ಆರಿಸುವ ಅವಸರವಿಲ್ಲ. ಅಷ್ಟರಲ್ಲಿ ಮಗಳು ನೀವು ಹೇಳಿದ ವಿಜ್ಞಾನಿಯ ಹಳೆಯ ಲೇಖನವೊಂದನ್ನು ಪೂರ್ತಿ ಓದಲಿ. ಯಾವ ಪ್ರಯೋಗದಲ್ಲಿ ಏನು ಕಂಡರೆ ಅಥವಾ ಕಾಣದಿದ್ದರೆ ತಮ್ಮ ಮಾದರಿಯನ್ನು ಕೈಬಿಡುವಿರಿ ಎಂದು ಅವರನ್ನೇ ಕೇಳಲಿ. ಅವರ ಹಿಂದಿನ ವಿದ್ಯಾರ್ಥಿಗಳು ಗುರುವಿಲ್ಲದೆ ತಾವೇ ಬರೆದ ಲೇಖನಗಳಿವೆಯೇ ಎಂಬುದನ್ನೂ ನೋಡಲಿ.