ಎಮರ್ಜೆನ್ಸಿಯಲ್ಲಿ ಆಮೇಲೆ ಬಂದವರನ್ನು ಮೊದಲು ನೋಡುವುದು ವಶೀಲಿಯಿಂದಲೇ?

ನಿಮ್ಮ ತಮ್ಮ ಬೈಕಿನಿಂದ ಬಿದ್ದು ಹಣೆ ಒಡೆದುಕೊಂಡಿದ್ದ, ಶರ್ಟೆಲ್ಲ ರಕ್ತ. ಆದರೂ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂರಿಸಿದರು, ಅಷ್ಟರಲ್ಲಿ ಆರಾಮಾಗಿ ನಡೆದುಕೊಂಡು ಬಂದ ಇಬ್ಬರನ್ನು ಒಳಗೆ ಕರೆದರು. ಇದು ವಶೀಲಿ ಅಲ್ಲದೆ ಇನ್ನೇನು ಅಂತ ಕೇಳಿದ್ದೀರಿ. ನಾನು ಒಂದು ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಒಂಬತ್ತು ವರ್ಷದಿಂದ ಡಾಕ್ಟರ್. ಅಲ್ಲಿ ನನ್ನನ್ನು ಮುಕ್ಕಾಲು ಪಾಲು ಜನ 'ಸಿಸ್ಟರ್' ಅಂತಲೇ ಕರೆಯುತ್ತಾರೆ. ಡ್ರಿಪ್ ಹಾಕಿ, ಔಷಧಿ ಬರೆದು ಎಲ್ಲಾ ಮುಗಿದ ಮೇಲೆ 'ದೊಡ್ಡ ಡಾಕ್ಟ್ರು ಯಾವಾಗ ಬರ್ತಾರೆ ಸಿಸ್ಟರ್?' ಅಂತ ಕೇಳುತ್ತಾರೆ. ಇರಲಿ.

ವಶೀಲಿ ಇಲ್ಲವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 'ನಮ್ಮ ಕಡೆಯವರು, ಸ್ವಲ್ಪ ಬೇಗ ನೋಡಿ' ಅಂತ ಫೋನು ಬರುತ್ತದೆ. ಆದರೆ ನೀವು ಹೇಳಿದ್ದನ್ನು ನೋಡಿದರೆ ಇಲ್ಲಿ ಹಾಗೆ ಆಗಿರಲಿಕ್ಕಿಲ್ಲ ಅನಿಸುತ್ತದೆ. ಒಳಗೆ ಬಂದ ತಕ್ಷಣ ಯಾರೋ ಒಬ್ಬರು ತಮ್ಮನ ಕಣ್ಣಿಗೆ ಟಾರ್ಚ್ ಹಾಕಿದರು, ಪ್ರಜ್ಞೆ ತಪ್ಪಿತ್ತಾ, ವಾಂತಿ ಆಯ್ತಾ ಅಂತ ಕೇಳಿದರು, ಗಾಯಕ್ಕೆ ಬಟ್ಟೆ ಒತ್ತಿ ಹಿಡಿದುಕೊಳ್ಳಲು ಹೇಳಿ ಹೋದರು ಅಂತ ನೀವೇ ಬರೆದಿದ್ದೀರಿ. ಯಾರನ್ನು ಮೊದಲು ನೋಡಬೇಕು, ಯಾರು ಕಾಯಬಹುದು ಅಂತ ತೀರ್ಮಾನಿಸುವ ತಪಾಸಣೆ ಅದೇ. ಹಣೆ, ತಲೆಯ ಚರ್ಮದಲ್ಲಿ ರಕ್ತನಾಳ ಜಾಸ್ತಿ. ಸಣ್ಣ ಗಾಯವಾದರೂ ಕೋಳಿ ಕೊಯ್ದ ಹಾಗೆ ಕಾಣುತ್ತದೆ. ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. (ಕಾಫಿಪುಡಿ ಮಾತ್ರ ತುಂಬಬೇಡಿ. ಅದನ್ನು ತೊಳೆದು ತೆಗೆಯುವುದಕ್ಕೆ ಹೊಲಿಗೆಗಿಂತ ಹೆಚ್ಚು ಹೊತ್ತು ಬೇಕು.) 'ಇವನಿಗೆ ಗಾಬರಿಪಡುವಂಥದ್ದೇನೂ ಆಗಿಲ್ಲ, ಸ್ವಲ್ಪ ಕಾಯಬಹುದು' ಅಂತ ನಿಮಗೆ ಯಾರೂ ಹೇಳಲಿಲ್ಲ ನೋಡಿ, ಅದು ನಮ್ಮವರ ತಪ್ಪು. ನಾನೂ ಎಷ್ಟೋ ಸಲ ಹೇಳದೆ ಓಡಿದ್ದೇನೆ.

ಇನ್ನು ಆ ನಡೆದುಕೊಂಡು ಬಂದ ಇಬ್ಬರು. ಅವರಿಗೆ ಏನಾಗಿತ್ತೋ ಗೊತ್ತಿಲ್ಲ. ನಮ್ಮಲ್ಲಿ ಹಾಗೆ ಬರುವವರಲ್ಲಿ ಎದೆ ಉಜ್ಜಿಕೊಂಡು 'ಗ್ಯಾಸ್ ಆಗಿದೆ, ಒಂದು ಇಂಜೆಕ್ಷನ್ ಹಾಕಿ' ಅನ್ನುವವರು ದಿನಾ ಇರುತ್ತಾರೆ. ಮೈ ತಣ್ಣಗೆ ಬೆವರಿದ್ದರೆ ನಾನು ಚೀಟಿ ಕೇಳುವುದಿಲ್ಲ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಹಾರ್ಟ್ ಅಟ್ಯಾಕ್ ಅಂತ ಗೊತ್ತಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಅದನ್ನು ಉಚಿತವಾಗಿ ಕೊಡುತ್ತಾರೆ.

ನಿಜ ಹೇಳಬೇಕೆಂದರೆ ಕೂಗಾಡುವವರ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಕೂಗುತ್ತಿದ್ದಾರೆ ಅಂದರೆ ಉಸಿರು ಆಡುತ್ತಿದೆ, ಮಿದುಳಿಗೆ ರಕ್ತ ಹೋಗುತ್ತಿದೆ. ನನ್ನ ಕಣ್ಣು ಹುಡುಕುವುದು ಮೂಲೆಯಲ್ಲಿ ಸುಮ್ನೆ ಒರಗಿ ಕೂತವರನ್ನು.

ಒಂದು ಮಳೆಗಾಲದ ಬೆಳಗಿನ ಜಾವ. ಜಾತ್ರೆಯಲ್ಲಿ ಹೊಡೆದಾಡಿಕೊಂಡ ಏಳೆಂಟು ಜನ ಬಂದಿದ್ದರು. ಒಬ್ಬನ ಕೈ ಕೊಯ್ದಿತ್ತು, ಉಳಿದವರದ್ದು ಬರೀ ಬಾಯಿ. ಆ ಗಲಾಟೆಯ ಹಿಂದೆ ಒಬ್ಬ ತಾಯಿ ಹದಿಮೂರು ವರ್ಷದ ಮಗನನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದಳು. 'ರಾತ್ರಿ ಮುದ್ದೆ ಉಂಡು ಮಲ್ಗಿದ್ದ. ಎದ್ದು ಹೊಟ್ಟೆನೋವು ಅಂದ. ಈಗ ನಿದ್ದೆಗಣ್ಣು ಮೇಡಂ' ಅಂದಳು. ಅದು ನಿದ್ದೆಗಣ್ಣಲ್ಲ. ಮೇಲೆ ನೋಡಪ್ಪಾ ಅಂದರೆ ರೆಪ್ಪೆ ಏಳುತ್ತಿರಲಿಲ್ಲ, ಹುಬ್ಬು ಮಾತ್ರ ಏರುತ್ತಿತ್ತು. ಎಲ್ಲಿ ಮಲಗಿದ್ದೆ? ನೆಲದ ಮೇಲೆ, ಚಾಪೆ ಹಾಸಿಕೊಂಡು.

ಕಟ್ಟು ಹಾವು. ಕೆಲವು ಕಡೆ ಕಡಂಬಳ ಅನ್ನುತ್ತಾರೆ. ರಾತ್ರಿ ಓಡಾಡುತ್ತದೆ, ಮಲಗಿದ್ದವರನ್ನು ಕಚ್ಚುತ್ತದೆ. ಅಷ್ಟಾಗಿ ನೋವಿಲ್ಲ, ಊತವಿಲ್ಲ, ಹಲ್ಲಿನ ಗುರುತೂ ಎಷ್ಟೋ ಸಲ ಸಿಗುವುದಿಲ್ಲ. ಹಾಗಾಗಿಯೇ ಹೊಟ್ಟೆನೋವು ಅಂತ ಬರುತ್ತಾರೆ.

ಒಂದೇ ಉಸಿರಿಗೆ ಎಷ್ಟು ಎಣಿಸ್ತೀಯಾ ಅಂತ ಕೇಳಿದೆ. ಉಸಿರಾಟದ ಸ್ನಾಯು ಎಷ್ಟು ಸೋತಿದೆ ಅಂತ ತಿಳಿಯುವುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಹದಿನೆಂಟರವರೆಗೆ ಎಣಿಸಿದ. ಹಾವಿನ ವಿಷದ ಮದ್ದು ಹತ್ತು ಬಾಟಲಿ ಡ್ರಿಪ್ಪಿನಲ್ಲಿ ಸೇರಿಸಿ ಶುರು ಮಾಡಿದೆವು. ಮಕ್ಕಳಿಗೂ ದೊಡ್ಡವರಷ್ಟೇ ಡೋಸ್. ಮಗು ಅಂತ ಹಾವೇನು ಕಡಿಮೆ ವಿಷ ಬಿಡುವುದಿಲ್ಲವಲ್ಲ. ಕುದುರೆಯ ರಕ್ತದಿಂದ ತಯಾರಾಗುವ ಮದ್ದು ಅದು, ಕೆಲವರಿಗೆ ಒಗ್ಗದೆ ಬಿಪಿ ಕುಸಿಯುತ್ತದೆ. ಅದಕ್ಕೇ ಅಡ್ರಿನಲಿನ್ ತುಂಬಿದ ಸಿರಿಂಜು ಪಕ್ಕದಲ್ಲೇ ಇತ್ತು. ಅರ್ಧ ಗಂಟೆ ಬಿಟ್ಟು ಎಣಿಸು ಅಂದೆ. ಹನ್ನೊಂದು. ಆಮೇಲೆ ಏಳು. ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸಿದೆವು.

ಈ ಮದ್ದು ರಕ್ತದಲ್ಲಿರುವ ವಿಷವನ್ನು ಹಿಡಿಯುತ್ತದೆ. ನರದ ತುದಿಯಲ್ಲಿ ಆಗಲೇ ಆಗಿರುವ ಹಾನಿಯನ್ನು ಸರಿ ಮಾಡುವುದಿಲ್ಲ. ಅದು ತಾನಾಗಿ ಚಿಗುರಬೇಕು, ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ಅವನ ಬದಲು ಮೆಷಿನ್ ಉಸಿರಾಡಬೇಕು, ಅಷ್ಟೇ. ಹೊರಗಿದ್ದವರಿಗೆ ಇದನ್ನು ಹೇಳಿ ನಂಬಿಸುವುದರಲ್ಲಿ ಸಾಕಾಯಿತು. ಕೈಕಾಲು ಆಡುತ್ತಿಲ್ಲ, ಕಣ್ಣು ತೆರೆಯುತ್ತಿಲ್ಲ, ಇನ್ನೇನು ಉಳಿದಿದೆ ಅಂತ ಅವರ ಲೆಕ್ಕ. ಆದರೆ ಈ ವಿಷಕ್ಕೆ ಸೋಲುವುದು ಸ್ನಾಯು. ಪ್ರಜ್ಞೆ ಇರುತ್ತದೆ, ಕಿವಿಯೂ ಕೇಳುತ್ತದೆ.

ಆರನೇ ದಿನ ಟ್ಯೂಬ್ ತೆಗೆದೆವು. ಗಂಟಲು ಕೀರಲಾಗಿತ್ತು. 'ಮಾವ ನನ್ನ ಊರಿಗೆ ಸಾಗಿಸೋಕೆ ಗಾಡಿ ಬಾಡಿಗೆ ಎಷ್ಟು ಅಂತ ಕೇಳ್ತಿದ್ದ ಮೇಡಂ' ಅಂದ. ಮಾವ ಅಲ್ಲೇ ನಿಂತಿದ್ದ, ಪಾಪ, ತಲೆ ತಗ್ಗಿಸಿದ. ಆವತ್ತಿನಿಂದ ಎಂಥಾ ಪೇಷಂಟ್ ಆದರೂ ಸೂಜಿ ಚುಚ್ಚುವ ಮೊದಲು ನಾನು ಹೇಳಿಯೇ ಚುಚ್ಚುತ್ತೇನೆ.

ಆ ಹುಡುಗನಂಥವನೊಬ್ಬ ಬಂದರೆ ನಾನು ಸರತಿ ಮುರಿಯುತ್ತೇನೆ. ಹಾಗೆ ಮುರಿದಾಗೆಲ್ಲ ನಿಮ್ಮ ಹಾಗೆ ಯಾರೋ ಬೆಂಚಿನ ಮೇಲೆ ಬಯ್ದುಕೊಳ್ಳುತ್ತಿರುತ್ತಾರೆ. ಜಾತ್ರೆಯವನಿಗೆ ಆವತ್ತು ಹೊಲಿಗೆ ಬಿದ್ದಾಗ ಬೆಳಿಗ್ಗೆ ಎಂಟು ಗಂಟೆ. ಚೆನ್ನಾಗಿ ಬಯ್ದ.

ನಿಮ್ಮ ತಮ್ಮನ ವಿಷಯ: ಹಣೆಯ ಹೊಲಿಗೆಯನ್ನು ಐದನೇ ದಿನದ ಹೊತ್ತಿಗೆ ತೋರಿಸಿ ತೆಗೆಸಿ. ಜಾಸ್ತಿ ದಿನ ಬಿಟ್ಟರೆ ದಾರದ ಗೆರೆ ಉಳಿಯುತ್ತದೆ. ಟಿಟಿ (ಧನುರ್ವಾಯು ತಡೆಯುವ ಇಂಜೆಕ್ಷನ್) ಹಾಕಿಸಿದ ಚೀಟಿ ಎಸೆಯಬೇಡಿ. ಅಷ್ಟರೊಳಗೆ ತಲೆನೋವು ಹೆಚ್ಚಾದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಮಂಪರಿನಲ್ಲಿದ್ದರೆ ತಕ್ಷಣ ಕರೆದುಕೊಂಡು ಬನ್ನಿ. ಆಗ ನಿಮ್ಮನ್ನು ಬೆಂಚಿನ ಮೇಲೆ ಕೂರಿಸುವುದಿಲ್ಲ.