ಯಹೂದಿ ಕುಟುಂಬಗಳ ಫೌಂಡೇಶನ್‌ಗಳು ತಮ್ಮವರಿಗೆ ಮಾತ್ರ ದುಡ್ಡು ಕೊಡುತ್ತವಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಅಮೆರಿಕದ ಯಹೂದಿ ಕುಟುಂಬಗಳ ಫೌಂಡೇಶನ್‌ಗಳು ತಮ್ಮ ಜನರನ್ನು ಬಿಟ್ಟು ಬೇರೆಯವರಿಗೂ ಕೊಡುತ್ತವಾ ಅನ್ನುವುದು ಒಂದು. ಯಾರಿಗೆ ಕೊಡಬೇಕು ಅಂತ ಹೇಗೆ ತೀರ್ಮಾನ ಮಾಡುತ್ತಾರೆ, ನಿಮ್ಮ ತಾಲೂಕಿನ ಸಣ್ಣ ಶಿಕ್ಷಣ ಟ್ರಸ್ಟ್ ಅರ್ಜಿ ಹಾಕಬಹುದಾ ಅನ್ನುವುದು ಇನ್ನೊಂದು.

ಕೊಡುತ್ತವೆ. ತಮ್ಮವರಿಗೂ ಕೊಡುತ್ತವೆ, ಬೇರೆಯವರಿಗೂ ಕೊಡುತ್ತವೆ. ಆದರೆ ಇಷ್ಟೇ ಹೇಳಿ ಬಿಟ್ಟರೆ ನಿಮಗೆ ಏನೂ ಸಿಕ್ಕಂತೆ ಆಗುವುದಿಲ್ಲ.

ನಾನು ಶಿಕಾಗೋದಲ್ಲಿ ಇಂಥದ್ದೇ ಒಂದು ಸಣ್ಣ ಕುಟುಂಬ ಫೌಂಡೇಶನ್‌ನಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಬಂದ ಅರ್ಜಿಗಳನ್ನು ಓದಿ, ಲೆಕ್ಕ ನೋಡಿ, ಮನೆಯವರ ಮುಂದೆ ಇಡುವುದು ನನ್ನ ಕೆಲಸವಾಗಿತ್ತು. ಸೇರಿದ ಮೊದಲ ವಾರ ನನ್ನ ಮೇಲಿನವರು ನಿಯಮಗಳನ್ನೇನೂ ಕಲಿಸಲಿಲ್ಲ. ಕೂರಿಸಿಕೊಂಡು ಒಬ್ಬ ಮನುಷ್ಯನ ಕತೆ ಹೇಳಿದರು. ಅವರ ಹೆಸರು ಜೂಲಿಯಸ್ ರೋಸನ್‌ವಾಲ್ಡ್. ಆ ಕತೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ರೋಸನ್‌ವಾಲ್ಡ್ ಹುಟ್ಟಿದ್ದು 1862ರಲ್ಲಿ, ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಜರ್ಮನಿಯಿಂದ ಬಂದ ಯಹೂದಿ ಕುಟುಂಬ, ಬಟ್ಟೆ ವ್ಯಾಪಾರ. ಅವರು ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಮುಂದೆ ಸಿಯರ್ಸ್ ರೋಬಕ್ ಕಂಪನಿ ಸೇರಿ, ಅದರ ಅಧ್ಯಕ್ಷರೂ ಆದರು. ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ಸಾಮಾನು ತರಿಸಿಕೊಳ್ಳುವ ವ್ಯಾಪಾರ ಅದು. ಹಳ್ಳಿಯ ರೈತರೇ ಅದರ ದೊಡ್ಡ ಗಿರಾಕಿಗಳು. ದುಡ್ಡು ಬಂದಿದ್ದು ಅಲ್ಲಿಂದ.

ಅವರು ಯಹೂದಿಗಳಿಗೂ ಧಾರಾಳವಾಗಿ ಕೊಟ್ಟವರು. ಮೊದಲ ಮಹಾಯುದ್ಧದಲ್ಲಿ ನೊಂದ ಯಹೂದಿಗಳಿಗಾಗಿ 1917ರಲ್ಲಿ ಹತ್ತು ಲಕ್ಷ ಡಾಲರ್ ಕೊಡಲು ಮುಂದೆ ಬಂದರು. ಆದರೆ ಇವತ್ತು ಅವರ ಹೆಸರು ಉಳಿದಿರುವುದು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಕಪ್ಪು ಜನರ ಮಕ್ಕಳಿಗಾಗಿ ಕಟ್ಟಿದ ಶಾಲೆಗಳಲ್ಲಿ.

ಕಪ್ಪು ಜನರಿಗೇ ಯಾಕೆ ಕೊಟ್ಟರು? ಇದಕ್ಕೆ ಉತ್ತರ ಸಿಗಬೇಕಾದರೆ ಯಹೂದಿಗಳ ಒಂದು ಮಾತು ಗೊತ್ತಿರಬೇಕು: ತ್ಸೆದಾಕಾ. ಸುಮ್ನೆ ದಾನ ಅಂತ ಅರ್ಥ ಹೇಳಿಬಿಡುತ್ತಾರೆ. ಆದರೆ ಆ ಪದ ಹುಟ್ಟಿದ್ದು ನ್ಯಾಯ ಅನ್ನುವ ಅರ್ಥದ ಪದದಿಂದ. ಕೊಡುವುದು ನಿಮ್ಮ ದೊಡ್ಡ ಮನಸ್ಸಲ್ಲ, ತೀರಿಸಬೇಕಾದ ಬಾಕಿ. ನಮ್ಮ ಶರಣರು ದಾನಕ್ಕೂ ದಾಸೋಹಕ್ಕೂ ನಡುವೆ ಗೆರೆ ಎಳೆದರಲ್ವಾ, ಕೊಡುವವನಲ್ಲಿ ನಾನು ಎಂಬುದು ಇರಬಾರದು ಅಂತ? ನನಗೆ ಈ ಪದ ಅರ್ಥವಾಗಿದ್ದು ಆ ದಾರಿಯಲ್ಲೇ. 12ನೇ ಶತಮಾನದಲ್ಲಿ ಮೈಮೋನಿಡೀಸ್ ಎಂಬ ಯಹೂದಿ ಪಂಡಿತ ಇದ್ದರು. ಬಸವಣ್ಣನವರ ಕಾಲದವರೇ. ಅವರು ಕೊಡುವುದರಲ್ಲಿ ಎಂಟು ಮೆಟ್ಟಿಲು ಹೇಳಿದರು. ಮುಖ ಸಿಂಡರಿಸಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಕೊಟ್ಟವರು ಯಾರು ಅಂತ ಪಡೆದವರಿಗೂ, ಪಡೆದವರು ಯಾರು ಅಂತ ಕೊಟ್ಟವರಿಗೂ ಗೊತ್ತಾಗದ ಹಾಗೆ ಕೊಡುವುದು ತುಂಬ ಮೇಲಿನದು. ಅದಕ್ಕಿಂತಲೂ ಮೇಲೆ ಒಂದಿದೆ. ಸಾಲ ಕೊಟ್ಟೋ, ಪಾಲುದಾರಿಕೆ ಕೊಟ್ಟೋ, ಕೆಲಸ ಕೊಟ್ಟೋ, ಆ ಮನುಷ್ಯ ಮತ್ತೆ ಯಾರ ಮುಂದೂ ಕೈಯೊಡ್ಡದ ಹಾಗೆ ಮಾಡುವುದು.

ಇದರ ಜೊತೆಗೆ ಇನ್ನೊಂದಿತ್ತು. ಆಗ ರಷ್ಯಾದಲ್ಲಿ ಗುಂಪುಗಳು ಯಹೂದಿಗಳ ಮನೆಗೆ ನುಗ್ಗಿ ಕೊಲ್ಲುತ್ತಿದ್ದ ಕಾಲ. 1908ರಲ್ಲಿ ರೋಸನ್‌ವಾಲ್ಡ್ ಹುಟ್ಟಿದ ಊರಾದ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಬಿಳಿಯರ ಗುಂಪು ಕಪ್ಪು ಜನರ ಮನೆಗಳನ್ನು ಸುಟ್ಟಿತು. ಅಲ್ಲಿ ನಮ್ಮವರಿಗೆ ಆಗಿದ್ದೇ ಇಲ್ಲಿ ಇವರಿಗೆ ಆಗುತ್ತಿದೆ ಅನ್ನುವುದು ಅವರ ಕಣ್ಣಿಗೆ ಬಿತ್ತು. ಅವರು ಹೋಗುತ್ತಿದ್ದ ಶಿಕಾಗೋದ ಸಿನಾಯ್ ಸಭೆಯ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಎಮಿಲ್ ಹಿರ್ಷ್ ಕೂಡ ಸಾಮಾಜಿಕ ನ್ಯಾಯದ ಮಾತನ್ನೇ ಆಡುತ್ತಿದ್ದವರು.

1911ರಲ್ಲಿ ಅವರಿಗೆ ಬೂಕರ್ ಟಿ. ವಾಷಿಂಗ್ಟನ್ ಪರಿಚಯವಾದರು. ವಾಷಿಂಗ್ಟನ್ ಗುಲಾಮಗಿರಿಯಲ್ಲಿ ಹುಟ್ಟಿ, ಅಲಬಾಮಾದಲ್ಲಿ ಟಸ್ಕೀಗಿ ವಿದ್ಯಾಸಂಸ್ಥೆ ಬೆಳೆಸಿದವರು. ಮರುವರ್ಷ ರೋಸನ್‌ವಾಲ್ಡ್ ತಮ್ಮ ಐವತ್ತನೇ ಹುಟ್ಟುಹಬ್ಬಕ್ಕೆ 25,000 ಡಾಲರನ್ನು ಟಸ್ಕೀಗಿಯ ಕೈಗೆ ಕೊಟ್ಟರು. ಅದರಲ್ಲಿ ಸ್ವಲ್ಪ ಉಳಿಯಿತು. ಅದರಿಂದ ಹಳ್ಳಿಗಳಲ್ಲಿ ಆರು ಪುಟ್ಟ ಶಾಲೆ ಕಟ್ಟಿ ನೋಡೋಣವೇ ಅಂತ ವಾಷಿಂಗ್ಟನ್ ಕೇಳಿದರು. ಕಟ್ಟಿದರು. ಅಲಬಾಮಾದ ಲೋಚಪೋಕಾ ಹಳ್ಳಿಯ ಮೊದಲ ಶಾಲೆಗೆ ಬಿದ್ದ ಒಟ್ಟು ಖರ್ಚು ಸುಮಾರು 940 ಡಾಲರ್. ಅದರಲ್ಲಿ ರೋಸನ್‌ವಾಲ್ಡ್ ಕೊಟ್ಟಿದ್ದು 300 ಮಾತ್ರ. ಉಳಿದಿದ್ದೆಲ್ಲ ಊರಿನವರದು. ಜಾಗಕ್ಕೆ ಹಣ ಹಾಕಿದರು, ಮೈಮುರಿದು ದುಡಿದರು, ಬಿಳಿಯರೂ ಒಂದಷ್ಟು ಸೇರಿಸಿದರು.

ದಯವಿಟ್ಟು ಈ ಜಾಗದಲ್ಲಿ ಸ್ವಲ್ಪ ನಿಲ್ಲಿ. ರೋಸನ್‌ವಾಲ್ಡ್ ಹತ್ತಿರ ಪೂರ್ತಿ ಕೊಡುವಷ್ಟು ದುಡ್ಡು ಇತ್ತು. ಆದರೂ ಕೊಡಲಿಲ್ಲ. ನೀವಿಷ್ಟು ಹಾಕಿ, ನಾನಿಷ್ಟು ಹಾಕುತ್ತೇನೆ, ಸರ್ಕಾರದ ಶಾಲಾ ಮಂಡಳಿಯೂ ಹಾಕಲಿ, ಕಟ್ಟಡ ಆ ಮಂಡಳಿಯ ಹೆಸರಿಗೇ ಆಗಲಿ ಅಂದರು. ಹೀಗೆ ಮಾಡಿದರೆ ಮೇಷ್ಟ್ರ ಸಂಬಳ, ಶಾಲೆಯ ರಿಪೇರಿ ಎಲ್ಲ ಸರ್ಕಾರದ ಹೊಣೆ ಆಗುತ್ತದೆ. ಕೊಟ್ಟವರು ಸತ್ತರೂ ಶಾಲೆ ನಡೆಯುತ್ತದೆ. 1917ರಲ್ಲಿ ಇದಕ್ಕಾಗಿಯೇ ಜೂಲಿಯಸ್ ರೋಸನ್‌ವಾಲ್ಡ್ ಫಂಡ್ ಶುರುವಾಯಿತು.

ಹೊಟ್ಟೆಬಟ್ಟೆ ಕಟ್ಟಿ ಬದುಕುತ್ತಿದ್ದ ಗೇಣಿದಾರರು ಆ ಪಾಲು ಹೊಂದಿಸಿದ್ದು ಹೇಗೆ ಗೊತ್ತಾ? ಒಂದು ತುಂಡು ಹೊಲವನ್ನು ಶಾಲೆಗೆಂದೇ ಎತ್ತಿಟ್ಟು, ಅದರಲ್ಲಿ ಬೆಳೆದ ಹತ್ತಿ ಮಾರಿದರು. ಹೆಂಗಸರು ಕೋಳಿ ಮಾರಿದರು, ಊಟದ ಬುತ್ತಿ ಕಟ್ಟಿ ಹರಾಜು ಹಾಕಿದರು. ಮರ ಕಡಿದು ತಂದರು. ಅಲಬಾಮಾದ ಬೋಲಿಗೀ ಎಂಬ ಊರಿನ ಒಂದು ಸಭೆಯನ್ನು ಫಂಡ್‌ನ ಶಾಲಾ ಏಜೆಂಟರೊಬ್ಬರು ವರದಿಯಲ್ಲಿ ಬರೆದಿಟ್ಟಿದ್ದಾರೆ. ಗುಲಾಮಗಿರಿ ಕಂಡಿದ್ದ ಒಬ್ಬ ಮುದುಕ ಎದ್ದು ಬಂದ. ಜಿಡ್ಡು ಹಿಡಿದ ಹಳೆಯ ಚೀಲವೊಂದನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಸುರಿದ. 38 ಡಾಲರ್. ಅವನ ಇಡೀ ಜೀವನದ ಉಳಿತಾಯ. ನನ್ನ ಮೊಮ್ಮಕ್ಕಳ ಮಕ್ಕಳಿಗಾದರೂ ಒಂದು ದಾರಿ ಆಗಲಿ ಅಂತ ಎಲ್ಲವನ್ನೂ ಕೊಟ್ಟುಬಿಟ್ಟ. ಇದನ್ನು ಎಷ್ಟು ಸಲ ಓದಿದರೂ ನನ್ನ ಗಂಟಲು ಕಟ್ಟುತ್ತದೆ. ನಮ್ಮೂರ ಶಾಲೆಯ ಗೋಡೆಯಲ್ಲಿ ದಾನಿಗಳ ಹೆಸರಿನ ಕಲ್ಲು ಇದೆ. ಜಾಗ ಕೊಟ್ಟವರ ಹೆಸರು, ಹಣ ಕೊಟ್ಟವರ ಹೆಸರು ಇದೆ. ಕಲ್ಲು ಮಣ್ಣು ಹೊತ್ತವರ ಹೆಸರಿಲ್ಲ. ನಮ್ಮಜ್ಜ ಹೊತ್ತವರಲ್ಲಿ ಒಬ್ಬರು. ಬೋಲಿಗೀ ಮುದುಕನ ವಿಷಯ ಬಂದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

1932ರ ಹೊತ್ತಿಗೆ 15 ರಾಜ್ಯಗಳಲ್ಲಿ 5,357 ಕಟ್ಟಡ ಎದ್ದಿದ್ದವು. ಅದರಲ್ಲಿ 4,977 ಶಾಲೆಗಳು, ಉಳಿದವು ಮೇಷ್ಟ್ರುಗಳ ಮನೆ ಮತ್ತು ಕೈಗೆಲಸದ ಶೆಡ್‌ಗಳು. ಒಟ್ಟು ಖರ್ಚು ಸುಮಾರು 2 ಕೋಟಿ 84 ಲಕ್ಷ ಡಾಲರ್. ಫಂಡ್‌ನ ಪಾಲು ಸುಮಾರು 43 ಲಕ್ಷ. ಕಪ್ಪು ಜನ ತಾವೇ ಹಾಕಿದ್ದು ಸುಮಾರು 47 ಲಕ್ಷ. ಅಂದರೆ ಕೋಟ್ಯಧಿಪತಿ ಕೊಟ್ಟಿದ್ದಕ್ಕಿಂತ ಆ ಬಡವರು ಕೊಟ್ಟಿದ್ದೇ ಜಾಸ್ತಿ. ಉಳಿದ ಹೆಚ್ಚಿನ ಪಾಲು ತೆರಿಗೆ ಹಣ.

ಇದರಲ್ಲಿ ನನಗೆ ನೋವು ಕೊಡುವ ಮಾತೂ ಇದೆ, ಅದನ್ನು ಮುಚ್ಚಿಡಬಾರದು. ಆ ಜನ ತೆರಿಗೆ ಮೊದಲೇ ಕಟ್ಟಿದ್ದರು. ಅವರ ತೆರಿಗೆಯಿಂದ ಬಿಳಿಯರ ಮಕ್ಕಳ ಶಾಲೆಗಳು ಎದ್ದವು. ತಮ್ಮ ಮಕ್ಕಳ ಶಾಲೆಗೆ ಅವರು ಎರಡನೇ ಸಲ ದುಡ್ಡು ಕೊಡಬೇಕಾಯಿತು. ರೋಸನ್‌ವಾಲ್ಡ್ ಆ ಅನ್ಯಾಯದ ವಿರುದ್ಧ ಎದ್ದು ನಿಲ್ಲಲಿಲ್ಲ. ಬಿಳಿಯರಿಗೊಂದು ಶಾಲೆ, ಕಪ್ಪು ಜನರಿಗೊಂದು ಶಾಲೆ ಅನ್ನುವ ಕಾನೂನನ್ನು ಹಾಗೇ ಬಿಟ್ಟು ಅದರೊಳಗೇ ಕೆಲಸ ಮಾಡಿದರು. ಶುರುವಿನ ಕೆಲವು ಕಟ್ಟಡಗಳ ಕೆಲಸವೂ ಚೆನ್ನಾಗಿರಲಿಲ್ಲ. ತಪಾಸಣೆ ಮಾಡಿಸಿ, 1920ರಲ್ಲಿ ಉಸ್ತುವಾರಿಯನ್ನು ಟಸ್ಕೀಗಿಯಿಂದ ನ್ಯಾಶ್‌ವಿಲ್‌ಗೆ ಸಾಗಿಸಿದರು. ಆಮೇಲಿನ ಕಟ್ಟಡಗಳು ಗಟ್ಟಿ. ಕರೆಂಟ್ ಇಲ್ಲದ ಹಳ್ಳಿಗಳು ಅಂತ ಸಾಲಾಗಿ ಎತ್ತರದ ಕಿಟಕಿ ಇಟ್ಟು, ಮಕ್ಕಳ ಪುಸ್ತಕದ ಮೇಲೆ ಬೆಳಕು ಬೀಳುವ ಹಾಗೆ ನಕ್ಷೆ ಮಾಡಿದ್ದರು.

ಆದರೆ ಆ ದುಡ್ಡು ಬೇರೆ ದಾರಿಯಲ್ಲಿ ಆ ಕಾನೂನಿನ ಬುಡಕ್ಕೂ ಹೋಯಿತು. 1928ರಿಂದ ಎಡ್ವಿನ್ ಎಂಬ್ರೀ ಫಂಡ್ ನಡೆಸಿದರು. ಅವರ ಕಾಲದಲ್ಲಿ ಕಪ್ಪು ಲೇಖಕರು, ಕಲಾವಿದರು, ವಿದ್ವಾಂಸರಿಗೆ ಫೆಲೋಶಿಪ್ ಕೊಡಲು ಶುರುವಾಯಿತು. ಗಾಯಕಿ ಮರಿಯನ್ ಆಂಡರ್ಸನ್, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ಚಿತ್ರಕಾರ ಜೇಕಬ್ ಲಾರೆನ್ಸ್, ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಾಲ್ಫ್ ಬಂಚ್, ಎಲ್ಲರೂ ಅದನ್ನು ಪಡೆದವರು. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ದಂಪತಿಯೂ ಪಡೆದರು. ಕಪ್ಪು ಗೊಂಬೆ, ಬಿಳಿ ಗೊಂಬೆ ತೋರಿಸಿ ಮಕ್ಕಳ ಮನಸ್ಸಿಗೆ ಆಗಿರುವ ಗಾಯವನ್ನು ಪತ್ತೆ ಮಾಡಿದವರು ಅವರೇ. 1954ರಲ್ಲಿ ಪ್ರತ್ಯೇಕ ಶಾಲೆ ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದಾಗ, ಆ ತೀರ್ಪಿನಲ್ಲಿ ಕೆನೆತ್ ಕ್ಲಾರ್ಕ್ ಅವರ ಬರಹದ ಉಲ್ಲೇಖವಿದೆ.

ಇನ್ನೊಂದು ವಿಷಯದಲ್ಲಿ ರೋಸನ್‌ವಾಲ್ಡ್ ಬೇರೆ ಶ್ರೀಮಂತರಂತೆ ಇರಲಿಲ್ಲ. ಮೂಲಧನ ಮುಟ್ಟದೆ, ಬಡ್ಡಿಯಲ್ಲಿ ಮಾತ್ರ ಶಾಶ್ವತವಾಗಿ ನಡೆಯುವ ನಿಧಿಗಳು ಅವರಿಗೆ ಹಿಡಿಸುತ್ತಿರಲಿಲ್ಲ. ಒಂದು ಕಾಲದ ಕಷ್ಟಕ್ಕೆ ಆ ಕಾಲದ ದುಡ್ಡೇ ಮದ್ದು, ಮುಂದಿನವರ ಕಷ್ಟಕ್ಕೆ ಮುಂದಿನವರು ಕೊಡುತ್ತಾರೆ ಅನ್ನುವುದು ಅವರ ನಂಬಿಕೆ. ನಾನು ಸತ್ತ 25 ವರ್ಷದೊಳಗೆ ಅಸಲು ಸಮೇತ ಎಲ್ಲ ಖರ್ಚಾಗಬೇಕು ಅಂತ ಷರತ್ತು ಹಾಕಿದರು. ಅವರು ತೀರಿಕೊಂಡಿದ್ದು 1932ರಲ್ಲಿ. ಫಂಡ್ 1948ರಲ್ಲೇ ಎಲ್ಲ ಕೊಟ್ಟು ಮುಗಿಸಿ ಬಾಗಿಲು ಹಾಕಿತು. ಅವರು ಲಕ್ಷಗಟ್ಟಲೆ ಡಾಲರ್ ಕೊಟ್ಟು ಮಾಡಿಸಿದ ಶಿಕಾಗೋದ ವಿಜ್ಞಾನ ಮತ್ತು ಕೈಗಾರಿಕೆ ಮ್ಯೂಸಿಯಂಗೂ ತಮ್ಮ ಹೆಸರು ಇಡಲು ಬಿಡಲಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಇವತ್ತಿನ ಅಮೆರಿಕದ ಕಾನೂನಿನ ಪ್ರಕಾರ ಇಂಥ ಫೌಂಡೇಶನ್‌ಗಳು ವರ್ಷಕ್ಕೆ ತಮ್ಮ ಹೂಡಿಕೆಯ ಬೆಲೆಯ ಸುಮಾರು ಶೇಕಡಾ 5ರಷ್ಟನ್ನು ಕೊಡಲೇಬೇಕು. ಪ್ರತಿ ವರ್ಷ 990-ಪಿಎಫ್ ಎಂಬ ತೆರಿಗೆ ನಮೂನೆ ತುಂಬಬೇಕು. ಯಾರಿಗೆ ಎಷ್ಟು ಕೊಟ್ಟೆವು ಅಂತ ಅದರಲ್ಲಿ ಬರೆಯಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಅರ್ಜಿ ಹಾಕುವ ಮೊದಲು ಆ ಫೌಂಡೇಶನ್‌ನ ಮೂರು ವರ್ಷದ ನಮೂನೆ ತೆಗೆದು ಓದಿ. ಅವರು ಭಾರತಕ್ಕೆ ಕೊಟ್ಟಿದ್ದಾರಾ, ಶಾಲೆಗಳಿಗೆ ಕೊಟ್ಟಿದ್ದಾರಾ ಅಂತ ಅಲ್ಲೇ ತಿಳಿಯುತ್ತದೆ. ನಾನು ಓದಿದ ಅರ್ಜಿಗಳಲ್ಲಿ ಅರ್ಧಕ್ಕೂ ಹೆಚ್ಚು ಈ ಒಂದು ಕೆಲಸ ಮಾಡದೆ ಬಂದವು. ಪಾಪ, ಅಷ್ಟು ಕಷ್ಟಪಟ್ಟು ಬರೆದಿರುತ್ತಿದ್ದರು.

ನಮ್ಮ ದೇಶದ ಕಡೆಯಿಂದ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲದೆ ಅಥವಾ ಮೊದಲೇ ಅನುಮತಿ ಪಡೆಯದೆ ವಿದೇಶದ ದೇಣಿಗೆ ತೆಗೆದುಕೊಳ್ಳುವ ಹಾಗಿಲ್ಲ. ನೋಂದಣಿಗೆ ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷದಲ್ಲಿ ತನ್ನ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಣ ಬರಬೇಕಾದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಬೇರೆ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ನಿಮಗೆ ದಾಟಿಸುವುದಕ್ಕೂ 2020ರಿಂದ ಅವಕಾಶ ಇಲ್ಲ. ಯಾರಾದರೂ ನಮ್ಮ ಮೂಲಕ ತರಿಸಿಕೊಡುತ್ತೇವೆ ಅಂದರೆ ಒಪ್ಪಬೇಡಿ.

ಅರ್ಜಿ ಬರೆಯುವಾಗ ಎಷ್ಟು ಬೇಕು ಅನ್ನುವುದನ್ನು ಮೊದಲ ಪುಟದಲ್ಲಿ ಇಡಬೇಡಿ. ನಿಮ್ಮೂರಿನವರು ಈಗಾಗಲೇ ಏನು ಹಾಕಿದ್ದಾರೆ ಅಂತ ಇಡಿ. ಯಾರೋ ಒಬ್ಬರು ಹಿತ್ತಲಿನ ಜಾಗ ಬಿಟ್ಟುಕೊಟ್ಟಿರಬಹುದು, ತಾಯಂದಿರು ಸರದಿಯಲ್ಲಿ ಬಂದು ಅಡುಗೆ ಮಾಡಿರಬಹುದು, ಹಳೆ ವಿದ್ಯಾರ್ಥಿಗಳು ಬೆಂಚು ಮಾಡಿಸಿರಬಹುದು. ಅದಕ್ಕೆಲ್ಲ ಬೆಲೆ ಕಟ್ಟಿ, ಬಿಡಿಬಿಡಿಯಾಗಿ ಬರೆಯಿರಿ. ನಾನು ಕೆಲಸ ಮಾಡಿದ ಮನೆಯಲ್ಲಿ ಹಿರಿಯ ಅಜ್ಜಿ ಮೊದಲು ಓದುತ್ತಿದ್ದದ್ದು ಆ ಪುಟವನ್ನೇ. ಆಮೇಲೆ, ನಾವು ನಿಲ್ಲಿಸಿದ ಮೇಲೆ ಇದನ್ನು ನಡೆಸುವವರು ಯಾರು ಅಂತ ಕೇಳುತ್ತಿದ್ದರು. ಆ ಉತ್ತರವನ್ನೂ ಈಗಲೇ ಯೋಚಿಸಿಟ್ಟುಕೊಳ್ಳಿ.

ನಿಮ್ಮ ಟ್ರಸ್ಟ್ ಎಷ್ಟು ವರ್ಷದ್ದು, ಎಫ್‌ಸಿಆರ್‌ಎ ಆಗಿದೆಯಾ ಅಂತ ತಿಳಿಸಿ. ಕರಡು ಕಳಿಸಿದರೆ ಖಂಡಿತ ಕೂತು ಓದಿ ಹೇಳುತ್ತೇನೆ.